ಮಾವನ ಬೈಕಿನ ಟೈರು ಕಾಯ್ದ ಚಳಿಗಾಲ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬೈಕು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಬಂದದ್ದು ದೀಪಾವಳಿಯ ಮರುವಾರ ಎಂದು ನನ್ನ ನೆನಪು. ಆ ದಿನ ಮಳೆ ಹನಿಯುತ್ತಿತ್ತು, ಸೈಲೆನ್ಸರಿನ ಮೇಲೆ ಬಿದ್ದ ಹನಿಗಳು ಚುರ್ ಎನ್ನುತ್ತಿದ್ದವು ಎಂದೂ ನೆನಪು. ದಿನಚರಿ ತೆಗೆದು ನೋಡಿದರೆ ದೀಪಾವಳಿಯ ಮರುವಾರ ಎಂಬುದು ಸರಿಯಿದೆ, ಮಳೆಯ ಮಾತೇ ಇಲ್ಲ. ಬದಲಿಗೆ ‘ಒಣಹವೆ, ತುಟಿ ಒಡೆದಿದೆ’ ಎಂದು ಬರೆದುಕೊಂಡಿದ್ದೇನೆ. ಆ ಹನಿಗಳನ್ನು ನಾನು ಎಲ್ಲಿಂದ ತಂದು ಸೇರಿಸಿದೆನೋ ತಿಳಿಯದು.

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡೆ ಎನ್ನುವವರ ಮಾತನ್ನೂ ಪರೀಕ್ಷಿಸಬೇಕು ಎಂದು ವಿದ್ಯಾರ್ಥಿಗಳಿಗೆ ವರ್ಷವೂ ಹೇಳುತ್ತೇನೆ. ಈ ವಿಷಯದಲ್ಲಿ ಕಣ್ಣಾರೆ ಕಂಡವಳು ನಾನೊಬ್ಬಳೇ ಆದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಬೈಕು ನನ್ನ ಸೋದರಮಾವನದು. ಹೆಸರಘಟ್ಟದ ಆಚೆ ಅವನ ಮನೆ, ಐದು ಹಸು. ದಿನಾ ಬೆಳಿಗ್ಗೆ ಬೈಕಿನ ಎರಡು ಕಡೆಗೂ ಕ್ಯಾನು ನೇತುಹಾಕಿಕೊಂಡು ಯಲಹಂಕಕ್ಕೆ ಬಂದು ಮೂವತ್ತು ಚಿಲ್ಲರೆ ಮನೆಗಳಿಗೆ ವರ್ತನೆ ಹಾಲು ಹಾಕುತ್ತಿದ್ದ. ವರ್ತನೆ ಎಂದರೆ ದಿನವೂ ತಪ್ಪದೆ ಒಂದೇ ಮನೆಗೆ ಒಂದೇ ಅಳತೆ ಕೊಡುವುದು. ಎರಡು ದಿನ ತಪ್ಪಿದರೆ ಜನ ಪ್ಯಾಕೆಟ್ ಹಾಲಿಗೆ ತಿರುಗುತ್ತಾರೆ, ಹಾಗೆ ತಿರುಗಿದವರು ವಾಪಸ್ಸು ಬರುವುದು ಕಡಿಮೆ. ಆದ್ದರಿಂದ ಜ್ವರ ಬಂದರೂ ಅವನು ಬರುತ್ತಿದ್ದ. ನನಗಿಂತ ಹದಿನೈದು ವರ್ಷ ದೊಡ್ಡವನು. ನಾನು ಅವನನ್ನು ಏಕವಚನದಲ್ಲೇ ಮಾತಾಡಿಸುತ್ತೇನೆ.

ಆ ವರ್ಷ ದೀಪಾವಳಿಗೆ ಮುಂಚೆ, ವರ್ತನೆಯ ಮನೆಯೊಂದರ ಗೇಟಿನಲ್ಲಿ ಹಾಲು ಅಳೆಯುತ್ತಿದ್ದಾಗ ಅವನಿಗೆ ಫಿಟ್ಸ್ ಬಂದು ಬಿದ್ದ. ಬೈಕು ನಿಲ್ಲಿಸಿ ಇಳಿದ ಮೇಲೆ ಬಿದ್ದದ್ದು ಅದೃಷ್ಟ. ಎರಡು ನಿಮಿಷ ಮುಂಚೆ ಬಂದಿದ್ದರೆ ಅವನು ಮುಖ್ಯರಸ್ತೆಯಲ್ಲಿ ಇರುತ್ತಿದ್ದ. ಸುತ್ತ ಸೇರಿದವರು ಎಲ್ಲರೂ ಮಾಡುವುದನ್ನೇ ಮಾಡಿದರು. ಕೈಯಲ್ಲಿ ಕಬ್ಬಿಣ ಹಿಡಿಸಿ ಎಂದು ಯಾರೋ ಕೂಗಿದರು, ಇನ್ಯಾರೋ ಬೈಕಿನ ಕೀಯನ್ನೇ ಕಿತ್ತು ಅವನ ಮುಷ್ಟಿಯೊಳಗೆ ಒತ್ತಿದರು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ. ಕೀ ಹಿಡಿಸದಿದ್ದರೂ ಅಷ್ಟೇ ಹೊತ್ತಿಗೆ ಬಿಡುತ್ತಿದ್ದ ಎಂದು ಆಮೇಲೆ ಡಾಕ್ಟರು ಹೇಳಿದರು. ಅವನ ಹೆಂಡತಿ, ನನ್ನ ಅತ್ತೆ, ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರು ಮಾತ್ರೆ ಬರೆದುಕೊಟ್ಟು ಒಂದು ಷರತ್ತು ಹೇಳಿದರು. ಆರು ತಿಂಗಳು ಗಾಡಿ ಮುಟ್ಟುವ ಹಾಗಿಲ್ಲ. ಆ ಆರು ತಿಂಗಳಲ್ಲಿ ಒಂದು ಸಲವೂ ಬರದಿದ್ದರೆ ಓಡಿಸುವ ಬಗ್ಗೆ ಯೋಚಿಸಬಹುದು. ಒಂದು ಸಲ ಬಂದರೂ ಲೆಕ್ಕ ಮೊದಲಿನಿಂದ.

ಗಾಡಿ ಕಣ್ಣೆದುರಿಗಿದ್ದರೆ ಅವನ ಕೈ ಸುಮ್ಮನಿರದು ಎಂದು ಅತ್ತೆ ಹಟ ಹಿಡಿದಳು. ತಣಿಸಂದ್ರದಲ್ಲಿ ನನ್ನ ಫ್ಲಾಟಿಗೆ ಒಂದು ಕಾರು ನಿಲ್ಲಿಸುವ ಜಾಗ ಸೇರಿಕೊಂಡಿತ್ತು, ನನಗೆ ಯಾವ ಗಾಡಿಯೂ ಇರಲಿಲ್ಲ. ಹೀಗೆ ಬೈಕು ನನ್ನ ಪಾಲಿಗೆ ಬಂತು. ಊರಿನ ಮೆಕ್ಯಾನಿಕ್ ಓಡಿಸಿಕೊಂಡು ಬಂದ, ಮಾವ ತನ್ನ ಬೈಕಿನಲ್ಲೇ ಹಿಂದೆ ಕೂತು ಬಂದ. ಇಳಿದ ತಕ್ಷಣ ಮೆಕ್ಯಾನಿಕ್ಕಿನ ಕೈಯಿಂದ ಕೀ ಇಸಿದುಕೊಂಡು ಜೇಬಿಗೆ ಹಾಕಿಕೊಂಡ. ಕೀ ಅವನ ಹತ್ತಿರವೇ ಇರಬೇಕೆಂಬುದು ಅತ್ತೆಯ ಅಪ್ಪಣೆ. ಮೈಮೇಲೆ ಕಬ್ಬಿಣ ಇದ್ದರೆ ಅದು ಮತ್ತೆ ಬರುವುದಿಲ್ಲ ಎಂದು ಅವಳ ನಂಬಿಕೆ. ಬೈಕು ಓಡಿಸಬಾರದು ಎಂದು ಬೈಕನ್ನು ಇಪ್ಪತ್ತು ಕಿಲೋಮೀಟರು ದೂರ ಕಳಿಸಿ, ಕೀಯನ್ನು ಮಾತ್ರ ಅವನ ಕೈಯಲ್ಲೇ ಬಿಟ್ಟಿದ್ದೆವು. ಇದು ವಿಚಿತ್ರ ಎಂದು ಆಗ ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಿದ ಹಾಗೆ ಕಾಣೆ. ಇಂಥ ಕೀಗಳು ಬಹುಪಾಲು ಹಿತ್ತಾಳೆಯವು, ಮೇಲೆ ಬಿಳಿ ಲೇಪ ಇರುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಅತ್ತೆಗೆ ಹೇಳಲಿಲ್ಲ.

ಮಾವ ಬೇಸ್‌ಮೆಂಟನ್ನು ಹಸು ಕಟ್ಟುವ ಜಾಗ ನೋಡುವ ಹಾಗೆ ಸುತ್ತಿ ನೋಡಿದ.

“ಇಲ್ಲಿ ಬಿಸ್ಲು ಬೀಳಲ್ಲ, ಅದೊಂದು ಒಳ್ಳೇದಾಯ್ತು. ಆ ನೀರಿನ ಮೋಟ್ರು ಪಕ್ಕ ಬ್ಯಾಡ. ಜನರೇಟ್ರು ಪಕ್ಕಾನೂ ಬ್ಯಾಡ. ರಬ್ಬರ್‌ಗೆ ಆಗಲ್ಲ.”

“ಯಾಕೆ ಆಗಲ್ಲ?”

“ಯಾಕೋ. ಆಗಲ್ಲ ಅಂದ್ರೆ ಆಗಲ್ಲ ಕಣವ್ವ.”

ಮೋಟಾರು ತಿರುಗುವ ಕಡೆ ಹುಟ್ಟುವ ಓಜೋನು ರಬ್ಬರನ್ನು ಬಿರಿಸುತ್ತದೆ ಎಂದು ನಾನು ಆಮೇಲೆ ಓದಿದೆ. ಅವನಿಗೆ ಅದು ಓದದೆಯೇ ಗೊತ್ತಿತ್ತು. ಹಿಂದೊಮ್ಮೆ ಅವನ ಹಳೆಯ ಬೈಕು ಒಂದು ಚಳಿಗಾಲವೆಲ್ಲ ಪಂಪ್‌ಹೌಸಿನಲ್ಲಿ ನಿಂತು ಎರಡೂ ಟೈರು ಹಾಳಾಗಿದ್ದವಂತೆ.

“ಇಂಜಿನ್ ಎಷ್ಟು ದಿನ ನಿಂತ್ರೂ ಒದ್ರೆ ಏಳ್ತದೆ,” ಎಂದ. “ಟೈರು ಅಂಗಲ್ಲ. ಒಂದೇ ಜಾಗದ ಮ್ಯಾಲೆ ಭಾರ ಬಿದ್ರೆ ಅಲ್ಲೇ ಕೂತ್ಬುಡ್ತದೆ. ಆಮೇಲೆ ಓಡ್ಸುವಾಗ ದಡ್ ದಡ್ ಅಂತ ಎದ್ದೆದ್ದು ಬೀಳ್ತದೆ. ಕ್ಯಾನಲ್ಲಿರೋ ಆಲು ಬೆಣ್ಣೆ ಆಗೋಯ್ತದೆ.”

ಅವನು ಚೀಲದಲ್ಲಿ ಕೊಟ್ಟಿಗೆಯ ಹಲಗೆಯೊಂದನ್ನೂ ಎರಡು ಗೋಣಿಚೀಲಗಳನ್ನೂ ಒಂದು ಚಾಕ್‌ಪೀಸನ್ನೂ ತಂದಿದ್ದ. ಹಲಗೆ ಮುಂದಿನ ಚಕ್ರದ ಕೆಳಗೆ, ಸಿಮೆಂಟಿನ ತೇವ ತಾಗದಂತೆ. ಗೋಣಿಚೀಲ ಟೈರಿಗೆ ಹೊದಿಸಲು. ಚಾಕ್‌ಪೀಸಿನಿಂದ ಟೈರಿನ ಪಕ್ಕದಲ್ಲಿ ಕಾಲುಕಾಲು ಸುತ್ತಿಗೆ ಒಂದೊಂದರಂತೆ ೧, ೨, ೩, ೪ ಎಂದು ಬರೆದ. ಪ್ರತಿ ಭಾನುವಾರ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಅಂಕಿ ಕೆಳಕ್ಕೆ ಬರುವಷ್ಟು ತಳ್ಳಿ, ಮತ್ತೆ ಡಬಲ್ ಸ್ಟ್ಯಾಂಡ್ ಹಾಕಬೇಕು. ನಾಲ್ಕು ವಾರ ಕಳೆದರೆ ಪೂರ್ತಿ ಹಿಂದಕ್ಕೆ ತಂದು ಮತ್ತೆ ಒಂದರಿಂದ. ಹಿಂದಿನ ಚಕ್ರ ಸ್ಟ್ಯಾಂಡಿನ ಮೇಲೆ ಗಾಳಿಯಲ್ಲೇ ಇರುವುದರಿಂದ ಅದರ ಚಿಂತೆಯಿಲ್ಲ. ಹದಿನೈದು ದಿನಕ್ಕೊಮ್ಮೆ ಕಾಲುಪಂಪಿನಿಂದ ಗಾಳಿ, ಯಾವಾಗಲೂ ಹೊಡೆಯುವುದಕ್ಕಿಂತ ಒಂದೆರಡು ಪಾಯಿಂಟ್ ಜಾಸ್ತಿ.

“ಪ್ರತಿ ಸಲ ಡೈರೀಲಿ ಬರ್ಕೋತೀನಿ ಮಾವ,” ಎಂದೆ.

“ನಮ್ ಡೈರೀಲಿ ಆಲಿಗೆ ಮೀಟ್ರು ಇಟ್ಟು ಡಿಗ್ರಿ ನೋಡಿ ಬರ್ಕತಾರೆ. ನೀನು ಟೈರಿಗೂ ಡಿಗ್ರಿ ಆಕ್ತೀಯ?”

ಡಬಲ್ ಸ್ಟ್ಯಾಂಡ್ ಹಾಕುವುದು ನನಗೆ ಬರುತ್ತಿರಲಿಲ್ಲ. ಹಿಂದಿನ ಹಿಡಿ ಹಿಡಿದು ಎತ್ತಲು ನೋಡಿದೆ, ಬೈಕು ಕದಲಲಿಲ್ಲ, ಸೊಂಟ ಹಿಡಿಯಿತು. ಮಾವ ಕೈಕಟ್ಟಿ ನೋಡುತ್ತಿದ್ದ.

“ಎತ್ಬ್ಯಾಡ, ತುಳಿ. ಸ್ಟ್ಯಾಂಡಿನ ಎರಡು ಕಾಲೂ ನೆಲಕ್ಕೆ ತಾಗ್ತಾ ನೋಡ್ಕ. ಆಮೇಲೆ ಮೈ ಭಾರ ಎಲ್ಲಾ ಪಾದಕ್ಕೆ ಬುಡು. ಗಾಡಿ ಅದ್ರ ಪಾಡಿಗೆ ಅದು ಇಂದಕ್ಕೆ ಓಗಿ ಕೂತ್ಕತದೆ.” ನಾಲ್ಕನೆಯ ಸಲವೂ ಆಗದಿದ್ದಾಗ, “ನೀನು ಓದಿದ್ದೆಲ್ಲ ತಲೇಲೇ ಉಳ್ಕಂಡೈತೆ, ಕಾಲಿಗೆ ಇಳ್ದೇ ಇಲ್ಲ,” ಎಂದ. ಏಳನೆಯದೋ ಎಂಟನೆಯದೋ ಸಲಕ್ಕೆ ಬೈಕು ತಾನಾಗಿ ಹಿಂದಕ್ಕೆ ಸರಿದು ನಿಂತಿತು.

ಹೀಗೆ ಚಳಿಗಾಲ ನಡೆಯಿತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕೆಳಗಿಳಿಯುವುದು, ಗೋಣಿಚೀಲ ತೆಗೆಯುವುದು, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸುವುದು, ತಳ್ಳುವುದು, ತುಳಿಯುವುದು. ವಾಚ್‌ಮನ್ ಮೊದಮೊದಲು ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. “ಏನ್ ಮೇಡಂ, ಗಾಡಿಗೆ ವಾಕಿಂಗಾ?” ಎನ್ನುತ್ತಿದ್ದ. ಟೈರಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡಾಗ ಅತ್ತೆ ಫೋನಿನಲ್ಲಿ ಹರಳೆಣ್ಣೆ ಸವರಲು ಹೇಳಿದಳು. ಹಿಮ್ಮಡಿ ಒಡೆದರೆ ಸವರುವುದಿಲ್ಲವೇ ಎಂದು ಅವಳ ವಾದ. ಹಿಂದಿನಿಂದ ಮಾವನ ಧ್ವನಿ ಕೇಳಿತು: “ಎಣ್ಣೆ ಮುಟ್ಟಿಸಬ್ಯಾಡ ಅನ್ನು. ರಬ್ಬರ್ ಕೆಡ್ತದೆ, ಆಮೇಲೆ ರೋಡು ಇಡಿಯಲ್ಲ.” ಹೊಲಿಗೆ ಹಾಕಿದಂತೆ ಆ ಬಿರುಕು ಅಷ್ಟಕ್ಕೇ ನಿಂತಿತು. ಅಥವಾ ನಾನು ನೋಡುವುದನ್ನು ನಿಲ್ಲಿಸಿದೆನೋ.

ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ ಕೆಳಗಿಳಿದು ನೋಡಿದರೆ ಅಂಕಿ ತಪ್ಪಿತ್ತು. ಹಿಂದಿನ ವಾರ ನಾನು ೩ನ್ನು ಕೆಳಗೆ ತಂದಿದ್ದೆ, ಹಾಗೆಂದೇ ದಿನಚರಿಯಲ್ಲಿತ್ತು. ಈಗ ಕೆಳಗಿದ್ದದ್ದು ೪. ಗೋಣಿಚೀಲ ಇದ್ದ ಹಾಗೇ ಇತ್ತು. ನಾನೇ ತಳ್ಳಿ ಮರೆತೆನೇ, ಅಥವಾ ತಳ್ಳುವ ಮೊದಲೇ ಬರೆದು ಆಮೇಲೆ ಎರಡು ಸಲ ತಳ್ಳಿದೆನೇ ಎಂದು ಅರ್ಧ ದಿನ ಯೋಚಿಸಿದೆ. ಸಂಜೆ ವಾಚ್‌ಮನ್ ತಾನಾಗಿ ಹೇಳಿದ: “ನಿಮ್ ಮಾವ ಬುಧವಾರ ಬಂದಿದ್ರು. ನೀವು ಕಾಲೇಜಿಗೆ ಹೋಗಿದ್ರಿ. ಗಾಡಿ ಒಂದ್ ಸಲ ತಳ್ಳಿ, ಸವರಿ, ಹೋದ್ರು.”

ಮಾವನಿಗೆ ಫೋನು ಮಾಡಿ ಕೇಳಿದೆ.

“ಓಡ್ಸಿಲ್ಲ ಕಣವ್ವ. ಯಲಂಕಕ್ಕೆ ದನಕ್ಕೆ ಇಂಡಿ ತರಕ್ಕೆ ಬಂದಿದ್ದೆ. ನೋಡ್ಕಂಡು ಓಗಾನ ಅಂತ.”

“ಓಡ್ಸಿದ್ಯಾ ಅಂತ ನಾನು ಕೇಳ್ಲೇ ಇಲ್ವಲ್ಲ.”

“ಕೇಳ್ಬೇಕು ಅಂತ ಇದ್ದೆ ತಾನೆ?” ಎಂದು ನಕ್ಕ.

ನನ್ನ ನೆನಪು ಆ ಸಲ ಸರಿಯಾಗಿತ್ತು. ಹಾಗೆಂದು ಬೇರೆ ಸಲವೂ ಸರಿಯೆಂದು ಹೇಳಲಾಗದು.

ಇನ್ನು ಆ ಭಾನುವಾರದ ಸಂಗತಿ. ಸಂಕ್ರಾಂತಿ ಕಳೆದು ಎರಡು ಮೂರು ವಾರವಾಗಿತ್ತು. ಮಾವ ಬಸ್ಸಿನಲ್ಲಿ ಬಂದಿದ್ದ. ಅವನ ವರ್ತನೆಯ ಮನೆಗಳಲ್ಲಿ ಅರ್ಧದಷ್ಟು ಖಾಯಮ್ಮಾಗಿ ಪ್ಯಾಕೆಟ್ಟಿಗೆ ತಿರುಗಿದ್ದವು, ಸದ್ಯಕ್ಕೆ ಬೇರೆ ಕಡೆ ಹಾಲು ಕೊಳ್ಳುತ್ತಿದ್ದ ಉಳಿದವರು ಫೋನು ಮಾಡಿ ಯಾವಾಗ ಬರ್ತೀರಾ ಎಂದು ಕೇಳುತ್ತಿದ್ದರು. ಯುಗಾದಿ ಕಳೀಲಿ ಎಂದು ಅವನು ಎಲ್ಲರಿಗೂ ಹೇಳಿದ್ದ. ಇಬ್ಬರೂ ಸೇರಿ ಬೈಕು ತಳ್ಳಿದೆವು, ನಾನು ಕಾಲುಪಂಪು ತುಳಿದೆ, ಅವನು ಹೆಬ್ಬೆರಳಿನಿಂದ ಟೈರು ಒತ್ತಿ ಸಾಕು ಎಂದ. ನಾನು ಗೋಣಿಚೀಲ ಕೊಡವಲು ನಾಲ್ಕು ಹೆಜ್ಜೆ ಆಚೆ ಹೋದೆ. ಹಿಂದೆ, ಅವನು ಕೈಯಲ್ಲಿ ಹಿಡಿದಿದ್ದ ಕೀ ನೆಲಕ್ಕೆ ಬಿದ್ದ ಸದ್ದಾಯಿತು. ತಿರುಗಿ, “ಮಾವ, ಕೀ ಬಿತ್ತು,” ಎಂದೆ. ಅವನು ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಟೈರನ್ನೇ ನೋಡುತ್ತಿದ್ದ. “ಮಾವ,” ಎಂದು ಮತ್ತೆ ಕರೆದೆ. ಅವನ ಬಾಯಿ ಆಡುತ್ತಿತ್ತು, ಎಲೆಅಡಿಕೆ ಹಾಕಿಕೊಂಡಿದ್ದ. ಎಷ್ಟು ಹೊತ್ತು ಎಂದು ಹೇಳಲಾರೆ. ಗೋಣಿಚೀಲವನ್ನು ಎರಡು ಸಲ ಕೊಡವುವಷ್ಟು ಹೊತ್ತು ಇರಬಹುದು. ಆಮೇಲೆ ಅವನು ತಲೆಯೆತ್ತಿ, “ಗಾಳಿ ಒಡ್ದ್ಯಾ?” ಎಂದು ಕೇಳಿದ.

ನಾನು ಹೂಂ ಎಂದೆ. ಆಗ ತಾನೇ ಹೊಡೆದಿದ್ದೆವಲ್ಲ ಎಂದು ಹೇಳಲಿಲ್ಲ. ಮೇಲೆ ಬಂದು ಇಬ್ಬರೂ ಚಿತ್ರಾನ್ನ ತಿಂದೆವು. ಅವನು ಸರಿಯಾಗಿದ್ದ.

ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟು: ‘ಮಾವ ಬಂದಿದ್ದ. ಗಾಳಿ. ೨ ಕೆಳಗೆ. ಎರಡು ಸಲ ಕರೆದೆ.’ ಕೀ ಬಿದ್ದದ್ದು ಇಲ್ಲ. ಬಾಯಿ ಆಡಿಸಿದ್ದು ಇಲ್ಲ. ಎರಡು ಸಲ ಕರೆದದ್ದನ್ನು ಬರೆಯಬೇಕೆಂದು ಯಾಕೆ ಅನ್ನಿಸಿತೋ ಅದನ್ನೂ ಬರೆದಿಲ್ಲ.

ಯುಗಾದಿ ಕಳೆಯಿತು. ಆರು ತಿಂಗಳೂ ಮುಗಿಯುತ್ತ ಬಂತು. ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ನಾವು ಮೂವರೂ ಹೋದೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಅವಸರವಿಲ್ಲದೆ ಮಾತಾಡುವವರು. ಮಾತ್ರೆ ತಪ್ಪಿಸಿದ್ದೀರಾ ಎಂದು ಕೇಳಿದರು, ಇಲ್ಲ. ನಿದ್ದೆ ಬರುತ್ತಾ, ಬರುತ್ತೆ. ಮತ್ತೆ ಫಿಟ್ಸ್ ಬಂದಿತ್ತಾ?

“ಒಂದ್ಸಲಾನೂ ಬಂದಿಲ್ಲ ಮೇಡಂ,” ಎಂದು ಅತ್ತೆ ಉತ್ತರ ಕೊಟ್ಟಳು.

“ಬಿದ್ದು ಒದ್ದಾಡೋದೊಂದೇ ಅಲ್ಲಮ್ಮ. ಸುಮ್ನೆ ಒಂದ್ ಕಡೆ ದಿಟ್ಟಿಸ್ಕೊಂಡು ಕೂತಿರೋದು, ಕರೆದ್ರೆ ಓ ಅನ್ನದೇ ಇರೋದು, ಬಾಯಿ ಚಪ್ಪರಿಸೋದು, ಕೈಯಲ್ಲಿರೋದು ಬೀಳಿಸೋದು. ಒಂದರ್ಧ ನಿಮಿಷ ಇದ್ರೂ ಅದು ಫಿಟ್ಸೇ. ಆ ಥರ ಯಾರಾದ್ರೂ ನೋಡಿದೀರಾ?”

ನಾನು ಹೇಳಿದೆ. ಫೆಬ್ರವರಿಯ ಒಂದು ಭಾನುವಾರ ಎರಡು ಸಲ ಕರೆದೆ, ತಿರುಗಲಿಲ್ಲ ಎಂದೆ. ಕೀ ಬಿತ್ತು ಎಂದೆ. ಬಾಯಿ ಆಡುತ್ತಿತ್ತು, ಆದರೆ ಎಲೆಅಡಿಕೆ ಹಾಕಿದ್ದ ಎಂದೂ ಹೇಳಿದೆ. ಖಚಿತವಾಗಿ ಹೇಳಲಾರೆ ಎಂದು ಎಷ್ಟು ಸಲ ಹೇಳಿದೆನೋ. ಡಾಕ್ಟರು ಪಟ್ಟಿ ಹೇಳುವುದಕ್ಕೆ ಮುಂಚೆ ಕೀಯ ಸದ್ದು ನನ್ನ ನೆನಪಿನಲ್ಲಿ ಇತ್ತೇ, ಅಥವಾ ಕೈಯಲ್ಲಿರುವುದು ಬೀಳಿಸುವುದು ಎಂದು ಅವರು ಹೇಳಿದ ಕ್ಷಣದಲ್ಲಿ ಬಿತ್ತೇ, ಈಗ ಎಷ್ಟು ಕೆದಕಿದರೂ ಗೊತ್ತಾಗುತ್ತಿಲ್ಲ.

“ಅದೆಂಗೆ ಬತ್ತದೆ?” ಎಂದಳು ಅತ್ತೆ. “ಕೀ ಕೈಯಾಗೇ ಇತ್ತಲ್ಲ.”

“ಬಿತ್ತು ಅಂದ್ನಲ್ಲ ಅತ್ತೆ.”

“ಬಿತ್ತು ಅಂತ ಈಗ ಏಳ್ತಿದ್ದೀಯ. ಆವತ್ತೇ ನಂಗ್ಯಾಕೆ ಏಳ್ಲಿಲ್ಲ?”

ಅದು ನ್ಯಾಯವಾದ ಪ್ರಶ್ನೆ.

ಡಾಕ್ಟರು ಮಾವನ ಕಡೆ ತಿರುಗಿ, “ನಿಮಗೇನನ್ಸುತ್ತೆ?” ಎಂದರು.

“ನಂಗೇನ್ ಗೊತ್ತಾಯ್ತದೆ ಮೇಡಂ,” ಎಂದ ಮಾವ. “ಅವ್ಳು ಓದಿರೋಳು. ನೋಡಿದೀನಿ ಅಂದ್ರೆ ನೋಡಿರ್ತಾಳೆ.”

ಡಾಕ್ಟರು ಸ್ವಲ್ಪ ಹೊತ್ತು ಬರೆದರು. ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅನುಮಾನ ಇರುವಾಗ ರಸ್ತೆಗೆ ಬಿಡಲಾರೆ, ಇನ್ನಾರು ತಿಂಗಳು ನೋಡೋಣ ಎಂದರು. ಹೊರಗೆ ಬಂದ ಮೇಲೆ ಮಾವ, ತಾನು ಡಾಕ್ಟರ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದೆ ಎಂದ. ಫ್ಲೈಓವರಿನ ಕೆಳಗೆ ಬಸ್‌ಸ್ಟಾಪಿನವರೆಗೆ ಅತ್ತೆ ನಮಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಅದಾಗಿ ಈಗ ಮೂರು ತಿಂಗಳು. ವರ್ತನೆಯ ಮನೆಗಳಲ್ಲಿ ನಾಲ್ಕೋ ಐದೋ ಮಾತ್ರ ಇನ್ನೂ ಅವನಿಗಾಗಿ ಕಾಯುತ್ತಿವೆಯಂತೆ. ಹಾಲು ಪೂರ್ತಿ ಊರಿನ ಡೈರಿಗೇ ಹೋಗುತ್ತದೆ, ಅತ್ತೆ ಹೊತ್ತುಕೊಂಡು ಹೋಗಿ ಹಾಕಿ ಬರುತ್ತಾಳೆ. ಒಂದು ಹಸು ಮಾರುವ ಮಾತು ನಡೆಯುತ್ತಿದೆ. ನಾನು ಹೇಳದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಎರಡು ಉತ್ತರಗಳಿವೆ. ಅವನು ಎಂದಿನಂತೆ ಬೆಳಿಗ್ಗೆ ಯಲಹಂಕಕ್ಕೆ ಬಂದು ಹಾಲು ಹಾಕಿ ಹೋಗುತ್ತಿದ್ದ. ಅಥವಾ ಒಂದು ದಿನ ರಾಜಾನುಕುಂಟೆಯ ರಸ್ತೆಯಲ್ಲಿ ಲಾರಿಯ ಮುಂದೆ ಅರ್ಧ ನಿಮಿಷ ದಿಟ್ಟಿಸಿಕೊಂಡು ಕೂತಿರುತ್ತಿದ್ದ. ಎರಡರಲ್ಲಿ ಯಾವುದನ್ನು ತಡೆದೆ ಎಂದು ನನಗೆ ತಿಳಿಯುವ ದಾರಿಯಿಲ್ಲ.

ದಾರಿ ಒಂದೇ ಇದೆ, ಅದು ಅವನ ಕೈಯಲ್ಲಿದೆ. ನಿಜವಾಗಿಯೂ ಬಂದಿದ್ದರೆ ಅದು ಬಂದದ್ದು ಅವನಿಗೇ ಗೊತ್ತಿರುವುದಿಲ್ಲ. ಬಂದಿರದಿದ್ದರೆ, ಟೈರಿನ ಬಿರುಕನ್ನೋ ಬೇರೆ ಯಾವುದನ್ನೋ ಯೋಚಿಸುತ್ತ ಸುಮ್ಮನೆ ಕೂತಿದ್ದರೆ, ನನ್ನ ಧ್ವನಿ ಅವನಿಗೆ ಕೇಳಿಸಿರಲೇಬೇಕು. ಕೇಳಿಸಿತ್ತು ಎಂಬ ಒಂದು ಮಾತನ್ನು ಅವನು ಡಾಕ್ಟರ ಮುಂದೆ ಹೇಳಬಹುದಿತ್ತು. ಹೇಳಲಿಲ್ಲ. ಕೇಳಿಸಿರಲಿಲ್ಲವೆಂದೂ ಹೇಳಲಿಲ್ಲ.

ಹದಿನೈದು ದಿನಕ್ಕೊಮ್ಮೆ ಅವನು ಈಗಲೂ ಬರುತ್ತಾನೆ. ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ಇಳಿಯುತ್ತದೆಂದು ಇನ್ನೊಂದು ಹಲಗೆ ತಂದಿದ್ದಾನೆ. ಸ್ಟ್ಯಾಂಡ್ ಹಾಕಲು ನನ್ನನ್ನೇ ಬಿಡುತ್ತಾನೆ. ನನ್ನ ಮೇಲೆ ಸಿಟ್ಟಿದ್ದ ಹಾಗೆ ಕಾಣುವುದಿಲ್ಲ, ಆದರೆ ನಾನು ಕಂಡದ್ದನ್ನು ಎಷ್ಟು ನಂಬಬಹುದು ಎಂಬುದು ಈಗ ಗೊತ್ತೇ ಇದೆ. ಆಸ್ಪತ್ರೆಯ ದಿನ ಬಸ್ಸು ಬರುವ ಹೊತ್ತಿಗೆ, ಅತ್ತೆ ಮುಂದೆ ನಿಂತಿದ್ದಾಗ, ನಾನು ಅವನನ್ನು ತಗ್ಗಿದ ದನಿಯಲ್ಲಿ ಕೇಳಿದ್ದೆ. ಬಸ್ಸು ಬಂತು, ಅವನು ಹತ್ತಿದ. ಕಳೆದ ಭಾನುವಾರ ಬೇಸ್‌ಮೆಂಟಿನಲ್ಲಿ ಇಬ್ಬರೇ ಇದ್ದಾಗ ಅದನ್ನೇ ಇನ್ನೊಮ್ಮೆ ಕೇಳಿದೆ. ಅವನು ಬಗ್ಗಿ ಗೋಣಿಚೀಲದ ಅಂಚನ್ನು ಸರಿಮಾಡಿದ. ಎರಡು ಸಲವೂ ನಾನು ಕೇಳಿದ್ದು ಇಷ್ಟೇ:

“ಮಾವ, ಆವತ್ತು ನಾನು ಎರಡು ಸಲ ಕರೆದೆ. ನಿಂಗೆ ಕೇಳಿಸ್ತಾ?”